ಷಷ್ಠಿಗೆ ಬಂದ ಮಗು

ಮೊನ್ನೆ ನಮ್ಮ ಮನೆಯ ಬಾವಿಗೆ ಬ್ಲೀಚಿಂಗ್ ಪೌಡರು ಹಾಕಿಸಿದರು. ಪುತ್ತೂರಿನ ದರ್ಬೆಯಲ್ಲಿ ನಳ್ಳಿ ನೀರು ಬಂದ ಮೇಲೆ ಬಾವಿಯ ಕಡೆಗೆ ಯಾರೂ ತಲೆ ಹಾಕುವುದಿಲ್ಲ. ಆದರೂ ಮಳೆಗಾಲ ಕಳೆದ ಮೇಲೆ ಮಗ ಒಮ್ಮೆ ಶುದ್ಧ ಮಾಡಿಸುತ್ತಾನೆ. ಕೆಲಸದವರು ಹುಡಿಯನ್ನು ಬಕೆಟಿನಲ್ಲಿ ಕದಡಿ ಸುರಿದು ಹೋದದ್ದೇ ತಡ, ಆ ಘಾಟು ಎದ್ದು ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ಹಾಕಿದಳು. ನಾನು ಚಹಾದ ಲೋಟ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಬೇರೆಯವರಿಗೆ ಷಷ್ಠಿಯ ಜಾತ್ರೆ ಎಂದರೆ ಊದುಬತ್ತಿ, ಹೂವು, ಹಣ್ಣುಕಾಯಿ. ನನಗೆ ಮೊದಲು ನೆನಪಾಗುವುದು ಈ ಘಾಟು. ಬಿಳಿ ಹುಡಿ ಚೆಲ್ಲಿದ ಚರಂಡಿ, ಅದರಾಚೆ ನೆರೆಮನೆಯ ಜಗಲಿ, ಜಗಲಿಯ ಕಂಬಕ್ಕೆ ಒರಗಿ ಕುಳಿತ ಓಲಗದ ಮನೆಯ ಅಕ್ಕ...

ನಾನು ಮದುವೆಯಾಗಿ ಘಟ್ಟದ ಬುಡದ ಆ ಊರಿಗೆ ಹೋದದ್ದು ಐವತ್ತರ ದಶಕದ ಮೊದಲ ವರ್ಷಗಳಲ್ಲಿ. ನಮ್ಮವರದ್ದು ದೇವಸ್ಥಾನದ ಬೀದಿಯಲ್ಲಿ ಹಣ್ಣುಕಾಯಿಯ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಪುತ್ತೂರಿನ ಪೇಟೆಯಲ್ಲಿ ಬೆಳೆದ ನನಗೆ ಆ ಊರಿನ ದಿನಚರಿಗೆ ಹೊಂದಿಕೊಳ್ಳಲು ಕಷ್ಟವಾಯಿತು. ಅಲ್ಲಿ ಗಡಿಯಾರ ನೋಡುವವರೇ ಇರಲಿಲ್ಲ. ಬೆಳಿಗ್ಗೆ ಗುಡಿಯಲ್ಲಿ ಓಲಗ ಊದಿದರೆ ಹೆಂಗಸರು ಏಳಬೇಕು, ಮಧ್ಯಾಹ್ನದ ಪೂಜೆಯ ಗಂಟೆ ಕೇಳಿದ ಮೇಲೆ ಊಟ, ಸಂಜೆಯ ಪೂಜೆಗೆ ದೀಪ. ಎಂಜಲೆಲೆ ತಿನ್ನಲು ದನಗಳು ಯಾವ ಹೊತ್ತಿಗೆ ಛತ್ರದ ಹಿಂದೆ ಸೇರಬೇಕೆಂಬುದು ದನಗಳಿಗೂ ಗೊತ್ತಿತ್ತು.

ಬೆಳಿಗ್ಗೆ ಓಲಗ ಊದುತ್ತಿದ್ದವರು ನಮ್ಮ ನೆರೆಮನೆಯವರು. ನಾನು ಅವರನ್ನು ಭಾವ ಎಂದು ಕರೆಯುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕ ಎಂದು. ಸಂಬಂಧ ಏನೂ ಇಲ್ಲ. ಹೊಸದಾಗಿ ಬಂದ ನನಗೆ ಹೊಳೆಗೆ ಇಳಿಯುವ ದಾರಿ, ಪಾತ್ರೆ ತಿಕ್ಕಲು ಒಳ್ಳೆಯ ಹೊಯಿಗೆ ಸಿಗುವ ಜಾಗ ಎಲ್ಲ ತೋರಿಸಿಕೊಟ್ಟವರು ಅಕ್ಕ. ಎತ್ತರದ ಹೆಂಗಸು, ದೊಡ್ಡ ಕೈಗಳು, ದೊಡ್ಡ ಸ್ವರ. ಬೀದಿಯ ಆ ತುದಿಯಲ್ಲಿ ನಗಾಡಿದರೆ ಈ ತುದಿಗೆ ಕೇಳಬೇಕು. ನಮ್ಮೊಡನೆ ಕನ್ನಡ ಮಾತಾಡುತ್ತಿದ್ದರು, ಅವರ ಮನೆಯೊಳಗೆ ತುಳು. ಹೆತ್ತ ಮಕ್ಕಳು ಒಂದೂ ಉಳಿದಿರಲಿಲ್ಲ. ಆ ಮಾತನ್ನು ಅವರು ಆಡುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ನನ್ನ ಅತ್ತೆ ಮಾತ್ರ ಒಮ್ಮೆ, ತೊಟ್ಟಿಲು ಕಟ್ಟುವ ಹಗ್ಗ ಆ ಮನೆಯ ಅಟ್ಟದಲ್ಲಿ ಉಂಟು, ಕೇಳಲಿಕ್ಕೆ ಹೋಗಬೇಡ ಎಂದಿದ್ದರು.

ಷಷ್ಠಿ ಹತ್ತಿರ ಬಂದಂತೆ ಊರಿನ ಮುಖವೇ ಬದಲಾಗುತ್ತಿತ್ತು. ವರ್ಷವಿಡೀ ಖಾಲಿ ಬಿದ್ದಿದ್ದ ಜಗಲಿಗಳಲ್ಲಿ ಕಾಲಿಡಲು ಜಾಗವಿಲ್ಲ. ಸುಳ್ಯದ ಕಡೆಯಿಂದ, ಪುತ್ತೂರಿನಿಂದ ಬಸ್ಸುಗಳು ತುಂಬಿ ಬರುತ್ತಿದ್ದವು. ಘಟ್ಟದ ಮೇಲಿನವರು ಕಾಡುದಾರಿಯಲ್ಲಿ ನಡೆದೇ ಇಳಿಯುತ್ತಿದ್ದರು, ತಲೆಯ ಮೇಲೆ ರಾಗಿ ಹಿಟ್ಟಿನ ಗಂಟು, ಕಂಕುಳಲ್ಲಿ ಮಕ್ಕಳು. ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಗುಡಿಗೆ ಹೋಗಿ, ಹುತ್ತದ ಮಣ್ಣಿನ ಪ್ರಸಾದ ತೆಗೆದುಕೊಂಡು ಎರಡು ದಿನ ಉಳಿದು ಹೋಗುತ್ತಿದ್ದರು. ಹೆಂಗಸರು ಮಕ್ಕಳಿದ್ದ ಗುಂಪು ಬಂದರೆ ಅಕ್ಕ ಜಗಲಿ ಗುಡಿಸಿ ಚಾಪೆ ಹಾಸಿ ಕೊಡುತ್ತಿದ್ದರು.

ಜನ ಸೇರಿದ ಕಡೆ ರೋಗವೂ ಸೇರುತ್ತಿದ್ದ ಕಾಲ ಅದು. ಷಷ್ಠಿಗೆ ಮೊದಲೇ ಸರಕಾರದ ಕಡೆಯ ಸೂಜಿಯವರು ಬಂದು ಬಸ್ಸು ನಿಲ್ಲುವಲ್ಲಿ ಚಪ್ಪರ ಹಾಕಿ ಕುಳಿತುಕೊಳ್ಳುತ್ತಿದ್ದರು. ವಾಂತಿಭೇದಿಗೆ ಸೂಜಿ ಚುಚ್ಚಿಸಿಕೊಂಡವರಿಗೆ ಮಾತ್ರ ಊರೊಳಗೆ ಪ್ರವೇಶ. ಬಾವಿಗಳಿಗೆ, ಚರಂಡಿಗಳಿಗೆ ಈ ಬಿಳಿ ಹುಡಿ. ಆದರೆ ಕಾಡುದಾರಿಯಲ್ಲಿ ಇಳಿದು ಬಂದವರನ್ನು ಹಿಡಿಯುವವರು ಯಾರು?

ನಾನು ಆ ಊರಿಗೆ ಹೋದ ಮೂರನೆಯ ವರ್ಷದ ಷಷ್ಠಿಯ ಹಿಂದಿನ ದಿನ. ಬೆಳಕು ಹರಿದಿತ್ತು. ನಾನು ನೀರು ಸೇದುತ್ತಿದ್ದಾಗ ಅಕ್ಕನ ಸ್ವರ ಕೇಳಿತು.

"ಎಂತ ಇನ್ನೂ ಮಲಗಿದ್ದು? ಸ್ನಾನಕ್ಕೆ ಹೋಗುದಿಲ್ವಾ ನೀನು? ನಿನ್ನ ಒಟ್ಟಿಗಿದ್ದವರು ಎಲ್ಲಿ?"

ಬೇಲಿಯ ಹತ್ತಿರ ಹೋಗಿ ನೋಡಿದೆ. ಹಿಂದಿನ ಸಂಜೆ ಘಟ್ಟದ ಮೇಲಿನ ಒಂದು ಗುಂಪು ಅಲ್ಲಿ ಇಳಿದುಕೊಂಡಿತ್ತು. ಈಗ ಚಾಪೆಗಳೆಲ್ಲ ಖಾಲಿ. ಮೂಲೆಯಲ್ಲಿ ಒಬ್ಬಳು ಹುಡುಗಿಯಂಥ ಹೆಂಗಸು ಕಾಲು ಮಡಚಿಕೊಂಡು ಬಿದ್ದಿದ್ದಳು. ಸೀರೆ, ಚಾಪೆ, ನೆಲ ಎಲ್ಲ ಒದ್ದೆ. ಕಣ್ಣು ಒಳಕ್ಕೆ ಹೋಗಿತ್ತು. ಅವಳ ಸೆರಗು ಹಿಡಿದುಕೊಂಡು ಒಂದು ಹೆಣ್ಣು ಮಗು, ಆಗಷ್ಟೇ ಮಾತು ಕಲಿತ ವಯಸ್ಸು, "ಅವ್ವಾ, ಏಳವ್ವಾ" ಎಂದು ಎಳೆಯುತ್ತಿತ್ತು.

ಜೊತೆಯವರು ವೈದ್ಯರನ್ನು ಕರೆದುಕೊಂಡು ಬರುತ್ತೇವೆಂದು ಹೇಳಿ ಹೋಗಿದ್ದರಂತೆ. ಅಷ್ಟನ್ನು ಆ ಹೆಂಗಸು ಹೇಗೋ ತುಟಿ ಅಲುಗಿಸಿ ಹೇಳಿದಳು. ಅವರು ಬರಲೇ ಇಲ್ಲ. ಗಂಟುಮೂಟೆ ಕೂಡ ಇರಲಿಲ್ಲ.

ಸುದ್ದಿ ಬೀದಿಯಲ್ಲಿ ಹಬ್ಬಿತು. ಎದುರು ಮನೆಯವರು ಬಾಗಿಲು ಹಾಕಿದರು. ಪಕ್ಕದ ಜಗಲಿಯಲ್ಲಿದ್ದ ಯಾತ್ರಿಕರು ಗಂಟು ಕಟ್ಟಿಕೊಂಡು ಬೇರೆ ಬೀದಿಗೆ ಹೋದರು. ಅಕ್ಕ ಯಾರನ್ನೂ ಕರೆಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಹೆಂಗಸನ್ನು ಎರಡು ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದರು. ಆ ದೊಡ್ಡ ಕೈಗಳಲ್ಲಿ ಅವಳು ಒಣಗಿದ ಸೌದೆಯ ಹಾಗೆ ಕಂಡಳು.

ಭಾವ ಬೆಳಗಿನ ಸೇವೆ ಮುಗಿಸಿ ಓಲಗದ ಚೀಲ ಹೆಗಲಿಗೆ ಹಾಕಿಕೊಂಡು ಬಂದರು. ಹೊಸ್ತಿಲಲ್ಲೇ ನಿಂತರು.

"ಎಂತ ಮಾಡಿದ್ದು ನೀನು? ಒಳಗೆ ಯಾಕೆ ತಂದದ್ದು?"

"ಜಗಲಿಗೆ ಬಿಸಿಲು ಬೀಳ್ತದೆ."

"ನಾಳೆ ಷಷ್ಠಿ. ನನ್ನ ಸರದಿ."

"ಗೊತ್ತುಂಟು."

"ಗೊತ್ತಿದ್ದೂ ಹೀಗೆ ಮಾಡುದಾ?"

"ಹಾಗಾದ್ರೆ ನೀವೇ ಎತ್ತಿ ಬೀದಿಗೆ ಹಾಕಿ. ನನ್ನಿಂದ ಆಗುದಿಲ್ಲ."

ಅವರು ಬಗ್ಗಿ ಒಳಗೆ ನೋಡಿದರು. ಮಗು ತಾಯಿಯ ಕಾಲ ಬುಡದಲ್ಲಿ ಕುಳಿತು ಅವರನ್ನೇ ನೋಡುತ್ತಿತ್ತು. ಭಾವ ಚೀಲವನ್ನು ಒಳಗೆ ಇಡದೆ ಹೊರಗಿನ ಮೊಳೆಗೆ ತೂಗುಹಾಕಿ, ಹಿತ್ತಲಿಗೆ ಹೋಗಿ ತೆಂಗಿನ ಮರ ಹತ್ತಿ ಬೊಂಡ ಇಳಿಸಿದರು. ಅಲ್ಲಿಂದ ನೇರ ದೇವಸ್ಥಾನಕ್ಕೆ ಹೋಗಿ, ಮನೆಯಲ್ಲಿ ಹೀಗಾಗಿದೆ, ನಾಳೆ ನಾನು ಒಳಗೆ ಬರುವಂತಿಲ್ಲ ಎಂದು ತಾವೇ ಹೇಳಿ ಬಂದರು. ಅವರ ಬದಲಿಗೆ ಚಿಕ್ಕಪ್ಪನ ಮಗ ಊದುವುದೆಂದಾಯಿತು.

ನನ್ನ ಅತ್ತೆ ಗಟ್ಟಿ ಹೆಂಗಸು, ಮಡಿ ಮೈಲಿಗೆ ಜೋರು. ನನ್ನನ್ನು ಬೇಲಿ ದಾಟಲು ಬಿಡಲಿಲ್ಲ. ಆದರೆ ಗಂಜಿಯ ತಿಳಿಗೆ ಉಪ್ಪು ಹಾಕಿ ಬೇಲಿಯ ಮೇಲೆ ಕೊಡುವಂತೆ ಹೇಳಿದವರು ಅವರೇ. ಸ್ವಲ್ಪ ಹೊತ್ತು ಕಳೆದು ತಾವೇ ಬೇಲಿಯ ಬಳಿ ನಿಂತು, "ಆ ಮಗುವನ್ನು ಇಲ್ಲಿ ಕೊಡು" ಎಂದರು.

"ಬೇಡ ಅಮ್ಮ. ಅದಕ್ಕೂ ತಾಗಿದ್ರೆ?" ಎಂದರು ಅಕ್ಕ.

"ತಾಗಿದ್ರೆ ಎರಡು ಮನೆಗೂ ತಾಗಲಿ. ತಾಯಿ ಹೋಗುದನ್ನು ಮಗು ನೋಡುದು ಬೇಡ. ಕೊಡು ಇಲ್ಲಿ."

ಅತ್ತೆ ಬಚ್ಚಲಿನಲ್ಲಿ ಬಿಸಿನೀರು ಹೊಯ್ದು ಆ ಮಗುವನ್ನು ತಿಕ್ಕಿ ತಿಕ್ಕಿ ಮೀಯಿಸಿದರು. ಮಗುವಿನ ಬೆನ್ನಿನ ಮೇಲೆ ಕಜ್ಜಿಯ ಕಲೆಗಳಿದ್ದವು. ಬಹುಶಃ ಆ ಕಜ್ಜಿ ಗುಣವಾಗಲೆಂದು ಹರಕೆ ಹೊತ್ತು, ಗಂಡ ಕೊಯ್ಲು ಬಿಟ್ಟು ಬರಲಾಗದೆ, ಊರವರ ಜೊತೆ ಆ ತಾಯಿ ಒಬ್ಬಳೇ ಬಂದಿರಬೇಕು... ಹಾಗೆಂದು ನಾವು ಅಂದಾಜು ಮಾಡಿದೆವು.

ಸೂಜಿಯವರ ಕಡೆಯ ಆಳುಗಳು ಅವಳನ್ನು ಹೊಳೆಬದಿಯ ರೋಗಿಗಳ ಶೆಡ್ಡಿಗೆ ಸಾಗಿಸಲು ಡೋಲಿ ತೆಗೆದುಕೊಂಡು ಬಂದಾಗ ಮಧ್ಯಾಹ್ನ ಕಳೆದಿತ್ತು. ಅಕ್ಕ ಬಾಗಿಲಿಗೆ ಬಂದು, "ಇನ್ನು ಶೆಡ್ಡು ಬೇಡ" ಎಂದರು. ಆಳುಗಳು ಹೆಣವನ್ನು ಅದೇ ಡೋಲಿಯಲ್ಲಿ ಹೊಳೆಯಾಚೆ ಒಯ್ದು ಸುಟ್ಟರು. ಹಿಂದಿನಿಂದ ನಡೆದವರು ಭಾವ ಒಬ್ಬರೇ. ಆಮೇಲೆ ಆಳುಗಳು ಮನೆಯೊಳಗೆ, ಜಗಲಿಯಲ್ಲಿ, ಚರಂಡಿಯಲ್ಲಿ ಬಿಳಿ ಹುಡಿ ಚೆಲ್ಲಿದರು. ನಮ್ಮ ಅಂಗಳಕ್ಕೂ. ಆ ಘಾಟಿನಲ್ಲಿ ನಾವು ಅಂದು ಊಟ ಮಾಡಿದೆವು.

ಮರುದಿನ ಊರೆಲ್ಲ ಗುಡಿಯ ಮುಂದೆ. ನೆರೆಮನೆಯವರು ಹೊರಗೆ ಬರುವಂತಿರಲಿಲ್ಲ. ಅಲ್ಲಿ ಓಲಗ ಶುರುವಾದಾಗ ನಾನು ಬೇಲಿಯಿಂದ ನೋಡಿದೆ. ಭಾವ ಜಗಲಿಯಲ್ಲಿ ಕುಳಿತು, ಬೆರಳುಗಳನ್ನು ಮೊಣಕಾಲಿನ ಮೇಲೆ ಆಡಿಸುತ್ತಿದ್ದರು. ಷಷ್ಠಿಯ ಸರದಿ ಮತ್ತೆ ಅವರಿಗೆ ಬರಲಿಲ್ಲ. ಒಮ್ಮೆ ಕೈ ಬದಲಾದ ಮೇಲೆ ಚಿಕ್ಕಪ್ಪನ ಮಗನಿಗೇ ಖಾಯಮಾಯಿತು. ಬೆಳಗಿನ ನಿತ್ಯದ ಸೇವೆ ಮಾತ್ರ ಉಳಿಯಿತು. ಆ ಬಗ್ಗೆ ಅವರು ಹೆಂಡತಿಗೆ ಒಂದು ದಿನವೂ ಮಾತು ಹೇಳಿದ್ದನ್ನು ನಾನು ಕೇಳಲಿಲ್ಲ.

ಮಗುವಿಗೆ ರೋಗ ತಾಗಲಿಲ್ಲ. ಜಾತ್ರೆ ಮುಗಿದರೂ ಯಾರೂ ಹುಡುಕಿಕೊಂಡು ಬರಲಿಲ್ಲ. ಅತ್ತೆ ಮಗುವನ್ನು ಅಕ್ಕನ ಕೈಗೆ ಕೊಟ್ಟು ಪಟೇಲರ ಮನೆಗೆ ನಮ್ಮವರನ್ನು ಕಳುಹಿಸಿದರು. ಪಟೇಲರು, "ಘಟ್ಟದ ಮೇಲೆ ಅಂದ್ರೆ ಯಾವ ಊರು ಅಂತ ಬರೆಯುದು ಮಾರಾಯ್ರೆ? ನಾವು ಮದರಾಸಿನವರು, ಅವರು ಮೈಸೂರಿನವರು" ಎಂದರಂತೆ. ಆಗ ರಾಜ್ಯ ಇನ್ನೂ ಒಂದಾಗಿರಲಿಲ್ಲ. ಆದರೂ ಪೋಲೀಸರಿಗೆ ತಿಳಿಸಿದರು. ಅಲ್ಲಿಗೆ ಮುಗಿಯಿತು.

ಮಗುವನ್ನು ಕೇಳಿದರೆ ಊರಿನ ಹೆಸರು ಗೊತ್ತಿಲ್ಲ. ಅಪ್ಪನ ಹೆಸರೇನು ಎಂದರೆ "ಅಪ್ಪ". ನಿನ್ನ ಹೆಸರು ಎಂದರೆ "ಪುಟ್ಟಿ". ಪುಟ್ಟಿ ಎಂಬುದೇ ಉಳಿಯಿತು.

ಸ್ವಲ್ಪ ದಿನ ಅದು ಜಗಲಿಯ ಮೂಲೆಗೆ ಹೋಗಿ ಚಾಪೆ ಇದ್ದ ಜಾಗದಲ್ಲಿ ಕುಳಿತುಕೊಳ್ಳುತ್ತಿತ್ತು. ಅಕ್ಕ ಗದರುತ್ತಿರಲಿಲ್ಲ, ಕರೆಯುತ್ತಲೂ ಇರಲಿಲ್ಲ. ಪಕ್ಕದಲ್ಲಿ ಕುಳಿತು ಬಾಳೆನಾರು ಸಿಗಿಯುತ್ತಿದ್ದರು. ಮಳೆಗಾಲ ಬರುವಷ್ಟರಲ್ಲಿ ಮಗು ಮೂಲೆಗೆ ಹೋಗುವುದನ್ನು ಬಿಟ್ಟಿತು. ಒಂದು ದಿನ ಬಾವಿಕಟ್ಟೆಯ ಹತ್ತಿರ ಬಿದ್ದು ಮೊಣಕಾಲು ಕೆತ್ತಿಸಿಕೊಂಡು, "ಅಪ್ಪೇ..." ಎಂದು ಅತ್ತಿತು. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ. ಯಾರೂ ಹೇಳಿಕೊಟ್ಟದ್ದಲ್ಲ, ಬೀದಿಯ ಮಕ್ಕಳಿಂದ ಕಲಿತದ್ದು. ಅಕ್ಕ ಕೊಡಪಾನ ಅಲ್ಲೇ ಬಿಟ್ಟು ಓಡಿದರು. ಆ ದಿನ ಅವರ ಸ್ವರ ಬೀದಿಯ ಈ ತುದಿಗೆ ಕೇಳಲಿಲ್ಲ. ಮಗುವನ್ನು ಎತ್ತಿಕೊಂಡು ಬಾಯಿ ಮುಚ್ಚಿ ಅತ್ತರು.

ಆಮೇಲಿನ ಐದಾರು ವರ್ಷ ಆ ಮನೆಯಲ್ಲಿ ನಗುವಿತ್ತು. ಪುಟ್ಟಿ ಶಾಲೆಗೆ ಹೋದಳು. ಭಾವ ಓಲಗ ಸಾಧನೆ ಮಾಡುವಾಗ ಎದುರು ಕುಳಿತು ಕೈಯಲ್ಲಿ ತಾಳ ಹಾಕುತ್ತಿದ್ದಳು. ಹೆಣ್ಣುಮಕ್ಕಳು ಊದುವುದಿಲ್ಲ ಎಂದರೆ, ಹಾಗಾದರೆ ನಾನು ಡೋಲು ಬಡಿಯುತ್ತೇನೆ ಎನ್ನುವಳು. ನನ್ನ ದೊಡ್ಡ ಮಗ ಹುಟ್ಟಿದಾಗ ಅವನನ್ನು ಕಾಲಿನ ಮೇಲೆ ಹಾಕಿಕೊಂಡು ತೂಗಿದವಳು ಅವಳೇ.

ಆದರೆ ಷಷ್ಠಿ ಬಂತೆಂದರೆ ಅಕ್ಕನಿಗೆ ಹೆದರಿಕೆ ಹಿಡಿಯುತ್ತಿತ್ತು. ಘಟ್ಟದವರು ಇಳಿಯುವ ಮೊದಲೇ ಪುಟ್ಟಿಯನ್ನು ತನ್ನ ತವರಿಗೆ, ಕೊಲ್ಲಮೊಗ್ರಿಗೆ ಕಳುಹಿಸಿಬಿಡುತ್ತಿದ್ದರು. ಜಾತ್ರೆಯ ಅಂಗಡಿಗಳೆಲ್ಲ ಎದ್ದು ಹೋದ ಮೇಲೆಯೇ ಕರೆತರುವುದು. ದೇವಸ್ಥಾನದ ಬೀದಿಯಲ್ಲೇ ಬೆಳೆದ ಹುಡುಗಿ ಒಂದು ಷಷ್ಠಿಯನ್ನೂ ನೋಡಿರಲಿಲ್ಲ.

"ಅವರು ಬಿಟ್ಟು ಹೋದವರು. ಇನ್ನು ಬರುದಿಲ್ಲ ಅಕ್ಕ" ಎಂದೆ ನಾನು ಒಮ್ಮೆ.

"ಬಿಟ್ಟು ಹೋದವರು ಒಟ್ಟಿಗೆ ಬಂದವರು ತಂಗಿ. ಹೆತ್ತವ ಬಿಟ್ಟದ್ದಲ್ಲ. ಅವ ಎಲ್ಲಿ ಉಂಟೋ, ಎಂತ ಎಣಿಸ್ತಾನೋ" ಎಂದರು. ಅವರ ಮನಸ್ಸಿನಲ್ಲಿ ಆ ಮನುಷ್ಯ ಯಾವಾಗಲೂ ಇದ್ದ ಎಂದು ನನಗೆ ಅಂದೇ ಗೊತ್ತಾದದ್ದು.

ಅರವತ್ತರ ದಶಕ ಶುರುವಾಗಿತ್ತು. ಆ ವರ್ಷ ಷಷ್ಠಿಯ ಸಮಯಕ್ಕೆ ಕೊಲ್ಲಮೊಗ್ರಿನ ಮನೆಯಲ್ಲಿ ಮಕ್ಕಳಿಗೆಲ್ಲ ದಡಾರ ಎದ್ದಿತ್ತು. ಕಳುಹಿಸುವಂತಿರಲಿಲ್ಲ. ಅಕ್ಕ ಪುಟ್ಟಿಯನ್ನು ಮನೆಯೊಳಗೇ ಇಟ್ಟುಕೊಂಡರು. ಆದರೆ ಎಂಟೊಂಬತ್ತು ವರ್ಷದ ಹುಡುಗಿ, ಹೊರಗೆ ಅಷ್ಟು ಗದ್ದಲ, ಎಷ್ಟು ಹೊತ್ತು ಒಳಗೆ ಕುಳಿತಾಳು? ಜಗಲಿಗೆ ಬಂದು ನಿಂತಳು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬಳು ನಡುವಯಸ್ಸಿನ ಹೆಂಗಸು ಅವಳನ್ನು ಕಂಡು ಕಾಲು ಕಿತ್ತಿಡಲಾರದೆ ನಿಂತಳು. ಹತ್ತಿರ ಬಂದಳು. ಮನೆಯನ್ನು ನೋಡಿದಳು, ಹುಡುಗಿಯನ್ನು ನೋಡಿದಳು, ಜಗಲಿಯ ಮೂಲೆ ನೋಡಿದಳು.

"ಅದೇ ಮಕ... ಅವರವ್ವಂದೇ ಮಕ" ಎಂದು ನೆಲಕ್ಕೆ ಕುಸಿದು ಅಳತೊಡಗಿದಳು. "ನಾವು ಪಾಪಿಗಳು ಕಣವ್ವ. ಹೆದ್ರಿ ಓಡೋಗ್ಬಿಟ್ವಿ. ಊರಲ್ಲಿ ಕೇಳಿದ್ರೆ ಏನ್ ಹೇಳಾದು? ತಾಯಿ ಮಗ್ಳು ಇಬ್ರೂ ಹೋದ್ರು ಅಂದ್ವಿ."

ಅಕ್ಕ ಪುಟ್ಟಿಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡರು. "ನಿಮಗೆ ಎಲ್ಲಿಯೋ ತಪ್ಪಿದೆ. ಇದು ನಾನು ಹೆತ್ತ ಮಗಳು" ಎಂದರು.

ಆ ಹೆಂಗಸು ಹೊಸ್ತಿಲಿಗೆ ಹಣೆ ಹಚ್ಚಿ ಎದ್ದು ಹೋದಳು. ಅಕ್ಕನ ಮುಖ ಸುಣ್ಣದ ಹಾಗಾಗಿತ್ತು. ಆ ದಿನದಿಂದ ದಾರಿಯಲ್ಲಿ ಹೊಸ ಕಾಲಿನ ಸಪ್ಪಳವಾದರೆ ಅವರು ಕೆಲಸ ಬಿಟ್ಟು ಹೊರಗೆ ನೋಡುತ್ತಿದ್ದರು.

ಬೇಸಿಗೆಯ ಬಿಸಿಲು ಜೋರಾಗುವ ಹೊತ್ತಿಗೆ ಘಟ್ಟದವರು ಬಂದರು. ಅದೇ ಹೆಂಗಸು, ಅವಳ ಹಿಂದೆ ಕಂಬಳಿ ಹೊದ್ದ ಇಬ್ಬರು ಗಂಡಸರು. ಒಬ್ಬ ಮಾತಿನವ, ಮತ್ತೊಬ್ಬನಿಗೆ ಅಣ್ಣನಾಗಬೇಕಂತೆ. ಇನ್ನೊಬ್ಬ ಅಂಗಳದ ತುದಿಯಲ್ಲೇ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ. ಪುಟ್ಟಿಯ ಹುಬ್ಬು, ಪುಟ್ಟಿಯ ಗಲ್ಲ, ಎಲ್ಲ ಅವನ ಮುಖದಲ್ಲಿತ್ತು. ಸಾಕ್ಷಿ ಬೇಕಿರಲಿಲ್ಲ. ಅಕ್ಕ ಈ ಸಲ ಸುಳ್ಳು ಹೇಳಲಿಲ್ಲ. ಒಳಗೆ ಹೋಗಿ ಎಲ್ಲರಿಗೂ ಬೆಲ್ಲ ನೀರು ತಂದಿಟ್ಟರು.

ಅಣ್ಣ ಮಾತಾಡಿದ. ನಮ್ಮನೆ ಕೂಸು, ನಮ್ಮನೇಲಿ ಬೆಳೀಬೇಕು, ನಾಳೆ ಮದುವೆ ಗಿದುವೆ ಅಂದ್ರೆ ಕುಲ ಕೇಳ್ತಾರೆ ಎಂದೆಲ್ಲ. ಬೀದಿಯ ಹಿರಿಯರು ಸೇರಿದ್ದರು. ಅವರೂ, ಹೆತ್ತ ತಂದೆ ಬಂದು ಕೇಳುವಾಗ ನಾವು ಎಂತ ಹೇಳುದು ಎಂದರು. ನನ್ನ ಅತ್ತೆ ಮಾತ್ರ, "ಸಾಕಿದವಳನ್ನು ಒಂದು ಮಾತು ಕೇಳುದಿಲ್ವಾ ನೀವು?" ಎಂದು ಗದರಿದರು. ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಕ್ಕ ತಂದೆಯನ್ನೇ ನೋಡುತ್ತಿದ್ದರು. ಅವನು ಒಂದು ಮಾತೂ ಆಡಿರಲಿಲ್ಲ. ನೆಲದ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದ.

"ಕರಕೊಂಡು ಹೋಗಿ" ಎಂದರು ಅಕ್ಕ.

ಭಾವ ಎದ್ದು ಹಿತ್ತಲಿಗೆ ಹೋದರು. ಅಣ್ಣನಾದವನು ಮುಂದೆ ಬಂದು ಪುಟ್ಟಿಯ ಕೈ ಹಿಡಿದು ಎಳೆದ. ಅಲ್ಲಿಯವರೆಗೆ ಏನೂ ಅರ್ಥವಾಗದೆ ನಿಂತಿದ್ದ ಹುಡುಗಿ ಕಂಬ ತಬ್ಬಿಕೊಂಡು ಕಿರುಚಿದಳು. "ಅಪ್ಪೇ! ಅಪ್ಪೇ! ಅಪ್ಪೇ!" ಅಳುವಿನಲ್ಲಿ ಮಾತು ಮುರಿದು ಮುರಿದು ಬರುತ್ತಿತ್ತು.

ಕುಕ್ಕರಗಾಲಿನಲ್ಲಿದ್ದವನು ತಟ್ಟನೆ ತಲೆ ಎತ್ತಿದ. ಅವನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. "ಅಪ್ಪಾ ಅಂತಾಳೆ... ಕೇಳಿದ್ಯಾ ಅಣ್ಣ, ಕೂಸು ನನ್ನ ಅಪ್ಪಾ ಅಂತಾಳೆ!" ಎಂದು ಎದ್ದು ಓಡಿ ಬಂದು ಅವಳನ್ನು ಕಂಬದಿಂದ ಬಿಡಿಸಿ ಎದೆಗೆ ಒತ್ತಿಕೊಂಡ. ಅವನಿಗೆ ತುಳು ಬರುತ್ತಿರಲಿಲ್ಲ.

ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ನಮ್ಮವರು, "ಅಯ್ಯೋ, ಅದು ಹಾಗಲ್ಲ ಮಾರಾಯ್ರೆ..." ಎಂದು ಬಾಯಿ ತೆರೆದರು. ಅಕ್ಕ ಕೈ ಎತ್ತಿ ತಡೆದರು.

ತಂದೆ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ನಡೆದ. ಅವಳು ಅವನ ಬೆನ್ನ ಮೇಲಿನಿಂದ ಎರಡೂ ಕೈ ಚಾಚಿ ಅದೇ ಕೂಗು ಕೂಗುತ್ತಿದ್ದಳು. ಅವನು, "ಇಲ್ಲೇ ಇವ್ನಿ ಮಗಾ, ಇಲ್ಲೇ ಇವ್ನಿ" ಎನ್ನುತ್ತಿದ್ದ. ಬೀದಿ ತಿರುಗುವವರೆಗೂ ನಮಗೆ ಎರಡೂ ಸ್ವರ ಕೇಳಿತು.

ಎಷ್ಟೋ ದಿನ ಕಳೆದ ಮೇಲೆ ನಾನು ಕೇಳಿದೆ. "ಯಾಕೆ ಅಕ್ಕ ತಡೆದದ್ದು? ಅವಳು ಕರೆದದ್ದು ನಿಮ್ಮನ್ನು ಅಂತ ಗೊತ್ತಾಗ್ಬೇಕಿತ್ತು ಅವನಿಗೆ."

"ಹೇಳಿ ಎಂತ ಮಾಡುದು? ಹೇಗೂ ಕರಕೊಂಡು ಹೋಗ್ಲಿಕ್ಕೇ ಬಂದವ. ಸತ್ತಿದೆ ಅಂತ ಅತ್ತು ಮುಗಿಸಿದ ಮಗು ಅವನದ್ದು. ಅದು ಅಪ್ಪ ಅಂತ ಕರೆಯಿತು ಅಂತ ಖುಷಿಯಲ್ಲಾದ್ರೂ ಹೋಗ್ಲಿ. ಖುಷಿ ಇದ್ರೆ ಚೆನ್ನಾಗಿ ನೋಡಿಕೊಳ್ತಾನೆ" ಎಂದರು.

ಷಷ್ಠಿಗೆ ಕರೆತರುತ್ತೇವೆಂದು ಅಣ್ಣ ಹೊರಡುವಾಗ ಹೇಳಿದ್ದ. ತಂದೆ ಆ ಮಾತಿಗೆ ತಪ್ಪಲಿಲ್ಲ. ಮುಂದಿನ ಷಷ್ಠಿಗೆ ಮಗಳನ್ನು ಕರೆದುಕೊಂಡೇ ಬಂದ. ಅಕ್ಕ ಎರಡು ದಿನ ಮೊದಲಿನಿಂದ ಉಂಡೆ ಕಟ್ಟಿದ್ದೇನು, ಅಂಗಳ ಸಾರಿಸಿದ್ದೇನು. ಪುಟ್ಟಿ ಎತ್ತರವಾಗಿದ್ದಳು. ಕಂಕುಳಲ್ಲಿ ಚಿಕ್ಕಮ್ಮನ, ಅಂದರೆ ತಂದೆಯ ಎರಡನೆಯ ಹೆಂಡತಿಯ, ಮಗುವನ್ನು ಎತ್ತಿಕೊಂಡಿದ್ದಳು. ಅಕ್ಕ ತುಳುವಿನಲ್ಲಿ ಏನೋ ಕೇಳಿದರು. ಅವಳು ನಾಚಿಕೊಂಡು ಘಟ್ಟದ ಕನ್ನಡದಲ್ಲಿ, "ಊಂ, ಚೆಂದಾಗಿವ್ನಿ" ಎಂದಳು. ಮತ್ತೆ ಕೇಳಿದರು, ಮತ್ತೆ ಅದೇ ಕನ್ನಡ. ಮರೆತಿದ್ದಳೋ, ಅಪ್ಪನ ಎದುರು ಆಡಲು ಹೆದರಿದ್ದಳೋ... ಎಂಟು ತಿಂಗಳಲ್ಲಿ ಭಾಷೆ ಹೋಗುತ್ತದೆಯೆ? ಎರಡು ದಿನ ಇದ್ದು ಹೊರಟಾಗ ಅವಳು ಅಳಲಿಲ್ಲ. ಮಗುವಿನ ಟೊಪ್ಪಿ ಸರಿ ಮಾಡುತ್ತಾ ಅಪ್ಪನ ಹಿಂದೆ ನಡೆದಳು.

ಅಕ್ಕ ಅವರು ಕಣ್ಮರೆಯಾಗುವವರೆಗೆ ನಿಂತು, "ಒಳ್ಳೇದಾಯ್ತು. ಅಳ್ಲಿಲ್ಲ" ಎಂದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವಳನ್ನು ಮತ್ತೆ ನಾವು ನೋಡಲಿಲ್ಲ. ಮುಂದಿನ ಷಷ್ಠಿಗೆ ತಂದೆಯೂ ಬರಲಿಲ್ಲ. ಆಮೇಲಿನ ಮಳೆಗಾಲದಲ್ಲಿ ಭಾವ ತೀರಿಕೊಂಡರು. ಬೆಳಗಿನ ಓಲಗವೂ ಚಿಕ್ಕಪ್ಪನ ಮಗನ ಪಾಲಾಯಿತು. ಅಕ್ಕ ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿ ಮುಚ್ಚಿಸಿದರು. ಜಾತ್ರೆಯ ದಿನಗಳಲ್ಲಿ ಯಾರು ಬಂದು ಜಾಗ ಕೇಳಿದರೂ ಉತ್ತರ ಕೊಡುತ್ತಿರಲಿಲ್ಲ. ನಾನು ಊಟ ತೆಗೆದುಕೊಂಡು ಹೋದರೆ, "ಇಡು" ಎನ್ನುವರು ಅಷ್ಟೆ. ಆ ದೊಡ್ಡ ಸ್ವರ ಎಲ್ಲಿ ಹೋಯಿತೋ. ಕಾಲು ಬಾತುಕೊಂಡಿತು. ಪುತ್ತೂರಿನ ಆಸ್ಪತ್ರೆಗೆ ಹೋಗುವಾ ಎಂದು ನಮ್ಮವರು ಕರೆದರೆ, "ಯಾರಿಗಾಗಿ?" ಎಂದರು. ಹಾಗೇ ಐದಾರು ವರ್ಷ ಕಳೆದು, ಮಳೆ ಸುರಿಯುವ ಆಟಿ ತಿಂಗಳಿನಲ್ಲಿ, ಹಗಲಿಗೆ, ಗಂಜಿಯ ಬಟ್ಟಲು ಪಕ್ಕದಲ್ಲಿದ್ದಂತೆಯೇ ಹೋದರು. ಕೊಲ್ಲಮೊಗ್ರಿನಿಂದ ತಮ್ಮಂದಿರು ಬಂದು ಕೆಲಸ ಮುಗಿಸಿದರು.

ಆ ವರ್ಷದ ಷಷ್ಠಿಗೆ ಪುಟ್ಟಿಯ ತಂದೆ ಬಂದ. ಒಬ್ಬನೇ. ಮುಚ್ಚಿದ ಮನೆ ನೋಡಿ ನಮ್ಮ ಅಂಗಡಿಗೆ ಬಂದು ಕೇಳಿದ. ನಾನು ಹೇಳಿದೆ. ಅವನು ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಕೊಂಡ. ಮಗಳಿಗೆ ಗಂಡು ಗೊತ್ತಾಗಿದೆ, ಆಯಮ್ಮನ ಕೈಯಲ್ಲಿ ಒಂದು ಮಾತು ಕೇಳೋಣ ಅಂತ ಬಂದೆ ಎಂದ. ಆಮೇಲೆ ತನ್ನಷ್ಟಕ್ಕೆ ಎಂಬಂತೆ ಹೇಳಿದ.

"ಅವತ್ತು ನಂಗೆ ಕರ್ಕೊಂಡೋಗೋ ಮನಸಿರ್ಲಿಲ್ಲ ಕಣಮ್ಮ. ನಮ್ಮಣ್ಣ ದೂಕ್ಕೊಂಡ್ ಬಂದಿದ್ದ. ಆಯಮ್ಮನ ಮಕ ನೋಡಕ್ಕಾಗ್ಲಿಲ್ಲ. ಕೂಸು ಇಲ್ಲೇ ಇರ್ಲಿ, ವರ್ಸಕ್ಕೊಂದ್ ಸಲ ಬಂದ್ ನೋಡ್ಕೊಂಡ್ ಹೋದ್ರಾಯ್ತು ಅಂತ ಬಾಯಿಗ್ ಬಂದಿತ್ತು ಮಾತು. ಅಷ್ಟೊತ್ಗೆ ಅದು ಅಪ್ಪಾ ಅಂತ ಕೂಗ್ತು ನೋಡು... ಹಂಗ್ ಕೂಗಿದ್ಮೇಲೆ ಹೆಂಗ್ ಬಿಟ್ಟೋಗ್ಲಿ?"

ನನ್ನ ಕೈಯಲ್ಲಿದ್ದ ತೆಂಗಿನಕಾಯಿ ಕೆಳಗಿಟ್ಟೆ. ಅವನ ಮುಖ ನೋಡಿದೆ. ಹೇಳಲಿಲ್ಲ. ಅಕ್ಕನೇ ಕೈ ಎತ್ತಿ ತಡೆದ ಮಾತನ್ನು ನಾನು ಹೇಗೆ ಆಡಲಿ? ಅವನು ಎರಡು ಹಣ್ಣುಕಾಯಿ ತೆಗೆದುಕೊಂಡು, ಒಂದನ್ನು ಗುಡಿಗೆ ಒಯ್ದು, ಇನ್ನೊಂದನ್ನು ಆ ಮುಚ್ಚಿದ ಮನೆಯ ಮೆಟ್ಟಿಲಿನಲ್ಲಿ ಇಟ್ಟು ಹೋದ.

ಅಕ್ಕನಿಗೆ ಇದು ತಿಳಿಯಲಿಲ್ಲ ಎಂಬುದೊಂದೇ ಸಮಾಧಾನ. ತಿಳಿದಿದ್ದರೆ... ಆ ಯೋಚನೆಯನ್ನು ನಾನು ಇವತ್ತಿಗೂ ಪೂರ್ತಿ ಮಾಡುವುದಿಲ್ಲ.

ನಮ್ಮವರು ಹೋದ ಮೇಲೆ ಅಂಗಡಿ ಮಾರಿ ನಾನು ದೊಡ್ಡ ಮಗನ ಜೊತೆ ಪುತ್ತೂರಿಗೆ ಬಂದೆ. ಹೋದ ವರ್ಷ ಸೇವೆಗೆಂದು ಮಗ ಕಾರಿನಲ್ಲಿ ಆ ಊರಿಗೆ ಕರೆದುಕೊಂಡು ಹೋಗಿದ್ದ. ಬೀದಿ ಅಗಲವಾಗಿದೆ. ಎರಡೂ ಮನೆಗಳ ಜಾಗದಲ್ಲಿ ಲಾಡ್ಜು ಎದ್ದಿದೆ. ಅಕ್ಕನ ಒಂದು ಫೋಟೋ ಎಲ್ಲಿಯೂ ಇಲ್ಲ. ಆ ಕಾಲದಲ್ಲಿ ನಮ್ಮಂಥವರಿಗೆ ಫೋಟೋ ಯಾರು ತೆಗೆದರು? ಅತ್ತೆ ಇಲ್ಲ, ಬೀದಿಯ ಹಿರಿಯರು ಇಲ್ಲ. ಪುಟ್ಟಿ ಬದುಕಿದ್ದರೆ ಅವಳಿಗೂ ಎಪ್ಪತ್ತು ದಾಟಿರಬೇಕು. ಯಾವ ಊರಿನಲ್ಲಿದ್ದಾಳೋ. ತನ್ನನ್ನು ಸಾಕಿದವಳ ಮುಖ ಅವಳಿಗೆ ನೆನಪಿದೆಯೋ ಇಲ್ಲವೋ.

"ಇಲ್ಲಿ ಸ್ವಲ್ಪ ನಿಲ್ಲಿಸು. ಇಲ್ಲಿ ಅಕ್ಕನ ಮನೆ ಇತ್ತು" ಎಂದೆ.

"ಯಾವ ಅಕ್ಕ ಅಮ್ಮ?" ಎಂದ ಮಗ.

ನಿನ್ನನ್ನು ಕಾಲಿನ ಮೇಲೆ ಹಾಕಿ ತೂಗಿದವಳ ತಾಯಿ ಎಂದು ಹೇಳಲು ಹೊರಟೆ. ಹಿಂದಿನಿಂದ ಬಂದ ಬಸ್ಸು ಒಂದೇ ಸಮನೆ ಹಾರ್ನ್ ಹೊಡೆಯಿತು. ಮಗ ಕಾರನ್ನು ಮುಂದಕ್ಕೆ ಬಿಟ್ಟ.